ಉಸಿರಾಡಲೆಂದು ಬಿಟ್ಟ ಪೈಪು

ಇಸವಿ ಎರಡು ಸಾವಿರದ ನೂರಾ ಮೂವತ್ತೆಂಟು, ಫೆಬ್ರವರಿ ಮೂವತ್ತು
ಬಡಿಗೇರ ಓಣಿ, ಕಾಗಿಣಾ ದಂಡೆ

ಜಗದೇವಿ ಆಯಿಗೆ,

ತಾರೀಖು ನೋಡಿ ತಪ್ಪಾಗಿದೆ ಎಂದುಕೊಳ್ಳಬೇಡ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿಯುವ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ಮೇ ಮುಗಿದ ಮೇಲೆ ಇಟ್ಟಿದ್ದೇವೆ. ಅವಕ್ಕೆ ಬಾಗಿಲ ದಿನಗಳು ಎಂದು ಹೆಸರು, ಏಕೆಂದರೆ ಆ ಐದು ದಿನ ಬಿಸಿಲಿಗೆ ಹೆದರಿ ಯಾರೂ ಬಾಗಿಲು ತೆರೆಯುವುದಿಲ್ಲ. ನನ್ನ ಬರವಣಿಗೆಯಲ್ಲಿ ನಿನಗೆ ಗೊತ್ತಿಲ್ಲದ ಇನ್ನೂ ಕೆಲವು ಮಾತುಗಳು ಬರುತ್ತವೆ. ಅದಕ್ಕೆ ಕ್ಷಮೆ ಕೇಳುತ್ತೇನೆ. ಉಳಿದ ಯಾವುದಕ್ಕೂ ಕೇಳುವುದಿಲ್ಲ.

ನಾನು ಸುಗಲಾ, ನಿನ್ನ ಮಗಳ ಮಗಳ ಮಗಳು. ನೀನು ನನ್ನ ಮುತ್ತಜ್ಜಿ, ನಿಜ. ಆದರೆ ಈ ಕಾಗದ ತಲುಪಬೇಕಾದ ದಿನ ನಿನಗೆ ಮೂವತ್ತಾರು ವರ್ಷ, ನನಗೆ ಇವತ್ತು ಐವತ್ತೆಂಟು. ವಯಸ್ಸಿನಲ್ಲಿ ಹಿರಿಯಳು ನಾನೇ. ಹಾಗಾಗಿ ಬೈಯುವ ಹಕ್ಕು ನನಗಿದೆ, ಕೇಳಿಸಿಕೊಳ್ಳುವುದು ನಿನ್ನ ಪಾಲಿನದು.

ನಿನ್ನ ಹಿತ್ತಲಿನ ಬಾವಿಯನ್ನು ಮುಚ್ಚಿಸಲು ನೀನು ಹೊರಟಿದ್ದೀಯ. ಕಾರಣಗಳನ್ನು ಅವ್ವ ಹೇಳುತ್ತಿದ್ದಳು. ಮನೆಗೆ ನಲ್ಲಿ ಬಂತು. ಕಾರು ನಿಲ್ಲಿಸಲು ಜಾಗ ಬೇಕಾಯಿತು. ವಾಸ್ತು ಹೇಳುವವನೊಬ್ಬ ಬಂದು ಬಾವಿ ತಪ್ಪು ಮೂಲೆಯಲ್ಲಿದೆ ಎಂದ. ಸೊಳ್ಳೆ. ಮಗಳು ಬಗ್ಗಿ ನೋಡುತ್ತಾಳೆ ಎಂಬ ಭಯ. ಕೊನೆಯದೊಂದನ್ನು ಒಪ್ಪುತ್ತೇನೆ, ಆದರೆ ಅದಕ್ಕೆ ಒಂದು ಕಬ್ಬಿಣದ ಜಾಲರಿ ಸಾಕಿತ್ತು. ಉಳಿದವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಇದಕ್ಕಿಂತ ಹೆಚ್ಚು ಉರಿಯುವುದು ನೀನು ಮುಚ್ಚಿಸಿದ ರೀತಿಗೆ. ಮೊದಲು ಬಾವಿಗೆ ಅರಿಶಿನ ಕುಂಕುಮ ಏರಿಸಿದೆ. ಹಸಿರು ಕುಪ್ಪಸದ ಖಣ, ತೆಂಗಿನಕಾಯಿ, ಅರಿಶಿನದ ಕೊಂಬು, ಅಕ್ಕಿ ಇಟ್ಟು ಗಂಗವ್ವನಿಗೆ ಉಡಿ ತುಂಬಿದೆ. ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ನೀರಿಗೆ ಬಿಟ್ಟೆ. ಆಮೇಲೆ ಟ್ರ್ಯಾಕ್ಟರ್ ತರಿಸಿ ಕಸ ಸುರಿಸಿದೆ. ಉಡಿ ತುಂಬಿ ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುತ್ತಾರೆ, ಜಗದೇವಿ. ಹೂಳುವುದಿಲ್ಲ. ಅಷ್ಟೂ ಸಾಲದೆ, ಗಂಗವ್ವ ಉಸಿರಾಡಲಿ ಎಂದು ಒಂದು ಸಿಮೆಂಟ್ ಪೈಪನ್ನು ತಳದಿಂದ ಮೇಲಿನವರೆಗೆ ನಿಲ್ಲಿಸಿ, ಅದರ ಬಾಯಿಯನ್ನು ನೆಲದ ಮೇಲೆ ಒಂದು ಮೊಳ ಎತ್ತರ ಬಿಡಿಸಿದೆ. ಅದು ಜೀವಂತವಾಗಿದೆ ಎಂದು ನಿನಗೆ ಗೊತ್ತಿತ್ತು. ಗೊತ್ತಿಲ್ಲದವರು ಪೈಪು ಬಿಡುವುದಿಲ್ಲ.

ಆ ಪೈಪಿನ ಸುತ್ತಲೇ ನಾವು ಬೆಳೆದೆವು. ನಾನು, ನನಗಿಂತ ಆರು ವರ್ಷ ಚಿಕ್ಕವಳಾದ ತಂಗಿ ತಾರೂ, ಪಕ್ಕದ ಮನೆಯ ಹುಸೇನಪ್ಪ. ಅವನದು ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ಕಲ್ಲು ಎಬ್ಬಿಸುವ ಮನೆತನ. ಎಂಥ ಬೇಸಿಗೆಯಲ್ಲೂ ಆ ಪೈಪಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು. ತಾರೂ ಅದರ ಬಾಯಿಗೆ ಕೆನ್ನೆ ಆನಿಸಿಕೊಂಡು ಕೂರುತ್ತಿದ್ದಳು. "ಅಕ್ಕಾ, ಒಳಗ ಯಾರೋ ಉಸಿರಾಡ್ಲತ್ತಾರ" ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು.

ನನಗೆ ಹನ್ನೆರಡು ವರ್ಷವಾದಾಗ ಬಿಸಿಲು ತೆರವಿನ ಆದೇಶ ಬಂತು. ಬದುಕಲಾಗದಷ್ಟು ಬಿಸಿಲು ಬೀಳುವ ಸೀಮೆಯಿಂದ ಜನರನ್ನು ಎತ್ತಿ ಬೇರೆಡೆಗೆ ಸಾಗಿಸುವುದಕ್ಕೆ ಆ ಹೆಸರು. ಅದರಲ್ಲಿ ಒಂದು ವಿನಾಯಿತಿ ಇತ್ತು. ಓಣಿಗೊಂದು ಜೀವಬಾವಿ, ಎಂದರೆ ಬೇಸಿಗೆಯಲ್ಲೂ ನೀರಿರುವ ಬಾವಿ, ಇದ್ದರೆ ಆ ಓಣಿಯವರು ಉಳಿಯಬಹುದು. ಕುಂಬಾರ ಓಣಿ ಉಳಿಯಿತು. ನಮ್ಮ ಓಣಿಯ ಇಪ್ಪತ್ತೆರಡು ಮನೆಗೆ ಇದ್ದ ಬಾವಿ ನಿನ್ನದೊಂದೇ. ಅವ್ವ ಅಧಿಕಾರಿಯನ್ನು ಹಿತ್ತಲಿಗೆ ಕರೆದೊಯ್ದು ಪೈಪು ತೋರಿಸಿದಳು. ಅವನು ಬಗ್ಗಿ ಕಿವಿ ಇಟ್ಟು ಕೇಳಿದ. "ಉಸಿರು ಲೆಕ್ಕಕ್ಕೆ ಹಿಡೀಲಿಕ್ಕೆ ಬರಲ್ಲವ್ವಾ, ನೀರು ತೋರಿಸು" ಎಂದ. ಒಂಬತ್ತು ದಿನ ಗಡುವು ಕೊಟ್ಟ. ನೀನು ನಲವತ್ತು ಅಡಿ ತುಂಬಿಸಿದ್ದ ಕಸವನ್ನು ಒಂಬತ್ತು ದಿನದಲ್ಲಿ ಯಾರು ತೆಗೆಯುತ್ತಾರೆ?

ಹೊರಟೆವು. ಗಾಡಿಗಳ ಸಾಲು ಹೆದ್ದಾರಿಯಲ್ಲಿ ನಾಲ್ಕು ದಿನ ನಿಂತುಬಿಟ್ಟಿತು. ಮೂರನೆಯ ದಿನ ತಾರೂಗೆ ಬಿಸಿಲು ಬಡಿಯಿತು. ನೀರು ಕುಡಿಸಿದರೆ ಉಗುಳುತ್ತಿದ್ದಳು. "ಪೈಪಿನ ಗಾಳಿ ಬೇಕು" ಎಂದು ಸಂಜೆಯವರೆಗೂ ಅಂದಳು, ಆಮೇಲೆ ಅನ್ನಲಿಲ್ಲ. ಆರು ವರ್ಷದ ಮಗು. ರಸ್ತೆ ಬದಿಯಲ್ಲಿ ಮಣ್ಣು ಮಾಡಿದೆವು. ಆ ಜಾಗ ಎಲ್ಲಿದೆ ಎಂದು ಇವತ್ತು ಕೇಳಿದರೆ ನನಗೆ ಹೇಳಲು ಬರುವುದಿಲ್ಲ.

ನಮ್ಮನ್ನು ಇಟ್ಟದ್ದು ನೆರಳೂರಿನಲ್ಲಿ. ಮೈಲಿಗಟ್ಟಲೆ ಉದ್ದದ ಒಂದೇ ಚಾವಣಿಯ ಕೆಳಗೆ ಕಟ್ಟಿದ ಊರು ಅದು. ಮನೆಗಳಿಗೆ ಗೋಡೆಯ ಬದಲು ದಪ್ಪ ಬಟ್ಟೆ. ಪಕ್ಕದ ಮನೆಯವರು ಮಗ್ಗುಲು ಬದಲಿಸಿದರೂ ಕೇಳಿಸುತ್ತದೆ. ಮೈಗೆ ನೀರು ಹಾಕಿಕೊಳ್ಳುವಂತಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುವುದೇ ಸ್ನಾನ. ಅಡುಗೆ ಎಲ್ಲರಿಗೂ ಒಂದೇ ಕಡೆ, ಯಂತ್ರದ ರೊಟ್ಟಿ. ಎರಡು ಕೈಯಲ್ಲಿ ರೊಟ್ಟಿ ಬಡಿಯುವುದು ಹೇಗೆಂದು ಅವ್ವ ಸಾಯುವ ಹೊತ್ತಿಗೆ ಮರೆತಿದ್ದಳು. ಮಳೆ ಬಂದರೆ ಚಾವಣಿಯ ಮೇಲೆ ಸದ್ದು ಕೇಳುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಹಿತ್ತಲು ಎಂದರೇನು ಎಂದು ಅಲ್ಲಿ ಹುಟ್ಟಿದ ಮಕ್ಕಳು ಕೇಳುತ್ತಿದ್ದವು. ಹರಿದ ಚಾವಣಿ ಹೊಲಿಯುವ ಕೆಲಸ ಮಾಡಿಕೊಂಡು ಅಲ್ಲಿ ನಲವತ್ತೈದು ವರ್ಷ ಕಳೆದೆ. ಮದುವೆಯಾಯಿತು, ಮುರಿಯಿತು. ನನ್ನ ಸಿಟ್ಟಿನ ಜೊತೆ ಯಾವ ಗಂಡಸು ಬಾಳುತ್ತಾನೆ? ತಾರೂನ ಹೆಸರನ್ನು ಅವ್ವ ಎತ್ತಗೊಡಲಿಲ್ಲ. ಅವ್ವ ಹೋದ ಮೇಲೆ ಆ ಹೆಸರು ಗೊತ್ತಿದ್ದವಳು ನಾನೊಬ್ಬಳೇ.

ಹೋದ ವರ್ಷ ನಮ್ಮ ಓಣಿಗೆ ಮರಳಪ್ಪಣೆ ಬಂತು. ತೆರವಾದವರು ತಿರುಗಿ ಹೋಗಬಹುದು ಎಂಬ ಪತ್ರ ಅದು. ಅದರ ಪಟ್ಟಿಯಲ್ಲಿ ನಮ್ಮ ಮನೆಯ ಹೆಸರಿನ ಮುಂದೆ ಹೀಗೆ ಬರೆದಿತ್ತು: ಸದ್ಯ ವಾಸವಿರುವವರು, ಹುಸೇನಪ್ಪ. ಓದಿ ನನಗೆ ತಲೆ ಕೆಟ್ಟಿತು. ಅವನ ತಾಯಿ ತೆರವಿಗೆ ಒಪ್ಪದೆ ಮಗನನ್ನು ಕರೆದುಕೊಂಡು ಹಳೆಯ ಗಣಿಯ ತಗ್ಗಿಗೆ ಇಳಿದು ಅಡಗಿದ್ದಳು. ನಾವು ಹೋದದ್ದೇ ತಡ, ಮನೆ ನುಂಗಿದರು ಎಂದುಕೊಂಡೆ. ಖಾಲಿ ಮಾಡಿಸುವ ಆದೇಶವನ್ನು ಬರೆಸಿ, ಮುದ್ರೆ ಹಾಕಿಸಿ, ದಾರಿಯುದ್ದಕ್ಕೂ ಬಯ್ಗುಳ ಹೊಂದಿಸಿಕೊಳ್ಳುತ್ತ ಬಂದೆ.

ಬೆಳಿಗ್ಗೆ ಹತ್ತರ ಹೊತ್ತು. ಬಾಗಿಲು ತೆರೆದೇ ಇತ್ತು. ಪರಸಿ ನೆಲ ಈಗಷ್ಟೇ ಒರೆಸಿದಂತಿತ್ತು. ಹಿತ್ತಲಿನಿಂದ ಬಿಳಿ ಗಡ್ಡದವನೊಬ್ಬ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ. ನಾನು ಆದೇಶವನ್ನು ಅವನ ಮುಖಕ್ಕೆ ಹಿಡಿದು ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಕಾಗದದ ಕಡೆ ನೋಡಲೇ ಇಲ್ಲ. ನನ್ನ ಹಿಂದೆ ಬೀದಿಯನ್ನು ನೋಡುತ್ತಿದ್ದ.

"ಸುಗಲಾ, ನೀ ಬಂದಿ. ತಾರೂ ಎಲ್ಲಿ? ಅಕಿಗ್ಯಾಕ ಕರ್ಕೊಂಡ ಬಂದಿಲ್ಲ?"

ನಲವತ್ತೈದು ವರ್ಷದಲ್ಲಿ ಇನ್ನೊಬ್ಬರ ಬಾಯಿಂದ ಆ ಹೆಸರು ಕೇಳಿದ್ದು ಅದೇ ಮೊದಲು. ನಾನು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಆದದ್ದನ್ನು ಹೇಳಿದೆ. ಅವನೂ ಎದುರಿಗೆ ನೆಲದ ಮೇಲೆ ಕುಳಿತ. "ಹೋಗಾಗ ನನಗ ಹೇಳಿದ್ಳು, ಒಳಗ ಇದ್ದೋರಿಗಿ ಹೊರಗ ತೆಗಿ ಅಂತ. ನಾ ಹೂಂ ಅಂದಿದ್ದೆ" ಎಂದ.

ತೆಗೆದಿದ್ದ. ಪೈಪು ಇದ್ದುದರಿಂದ ಬಾವಿ ಎಲ್ಲಿದೆ ಎಂದು ಹುಡುಕಬೇಕಾಗಲಿಲ್ಲ. ವರ್ಷಕ್ಕೆ ಎರಡು ತಿಂಗಳು, ಚಳಿಗಾಲದಲ್ಲಿ ಮಾತ್ರ, ಹನ್ನೊಂದು ವರ್ಷ ಬುಟ್ಟಿ ಬುಟ್ಟಿಯಾಗಿ ಒಬ್ಬನೇ ಅಗೆದ. ಒಳಗಿನಿಂದ ಬಂದದ್ದನ್ನೆಲ್ಲ ಹಿತ್ತಲ ಗೋಡೆಗೆ ಸಾಲಾಗಿ ಇಟ್ಟಿದ್ದಾನೆ: ಒಡೆದ ಟೈಲ್ಸು, ಹೆಲ್ಮೆಟ್ಟು, ಬಣ್ಣ ಮಾಸದ ಗಣಪತಿ, ನಿನ್ನತ್ತೆಯ ಒಳಕಲ್ಲು, ಹಿಮ್ಮಡಿಯಲ್ಲಿ ದೀಪ ಹತ್ತುವ ನನ್ನ ಅಜ್ಜಿಯ ಒಂಟಿ ಬೂಟು. ಒಂದು ಹಾಲಿನ ಪಾಕೀಟಿನ ಮೇಲೆ ತಾರೀಖು ಓದಲು ಬರುತ್ತದೆ, ಎರಡು ಸಾವಿರದ ಇಪ್ಪತ್ತಾರು, ನವೆಂಬರ್ ಹನ್ನೊಂದು, ನೀನು ಕಸ ಸುರಿಸಿದ ದಿನ. ಎಲ್ಲದರ ತಳದಲ್ಲಿ ನೀನು ಕಟ್ಟಿದ ಉಡಿಯ ಚೀಲ. ಅದನ್ನು ಎತ್ತಿದ ಮೇಲೆ ನೀರು ಬಂತಂತೆ. ಈಗ ಅವನಂತೆಯೇ ಗಣಿಯಲ್ಲಿ ಉಳಿದುಕೊಂಡ ಐದು ಮನೆಯವರು ಅದೇ ನೀರು ಕುಡಿಯುತ್ತಾರೆ. ನಮ್ಮ ಓಣಿಗೆ ಮರಳಪ್ಪಣೆ ಸಿಕ್ಕಿದ್ದೂ ಆ ನೀರಿನಿಂದಲೇ. ಅವನನ್ನು ಹೊರಹಾಕಲು ನಾನು ಅವನು ಅಗೆದು ತೆರೆದ ದಾರಿಯಲ್ಲೇ ನಡೆದು ಬಂದಿದ್ದೆ.

ಆದೇಶ ಒಲೆಗೆ ಹೋಯಿತು. ನಾನು ಉಳಿದೆ. ಅವನ ಮೇಲೆ ನನಗೆ ಪ್ರೀತಿ, ಅದನ್ನು ಸುತ್ತಿ ಬಳಸಿ ಹೇಳುವ ವಯಸ್ಸಲ್ಲ ನನ್ನದು. ರೊಟ್ಟಿ ಬಡಿಯುವುದನ್ನು ಅವನಿಂದಲೇ ಕಲಿತೆ. ನನ್ನ ರೊಟ್ಟಿ ನೋಡಿ, ಇದನ್ನು ನೆಲಕ್ಕೆ ಪರಸಿಯಾಗಿ ಹಾಸಬಹುದು ಎನ್ನುತ್ತಾನೆ. ಬೆಳಗಿನ ಮೊದಲ ಕೊಡವನ್ನು ಪೂರ್ತಿ ನನ್ನ ಸ್ನಾನಕ್ಕೆ ಇಡುತ್ತಾನೆ. ಮೊದಲ ದಿನ ಆ ನೀರನ್ನು ತಲೆಯ ಮೇಲೆ ಸುರಿದುಕೊಂಡಾಗ ಜೋರಾಗಿ ಅತ್ತೆ. ಅವನು ಹೊರಗೆ ನಿಂತು ಕೇಳಿಸಿಕೊಂಡ. ಎದೆಯೊಳಗೆ ಕಟ್ಟಿಕೊಂಡಿದ್ದು ಈಗ ಸ್ವಲ್ಪ ಸಡಿಲವಾಗಿದೆ. ತಾರೂನ ಮಾತನ್ನು ದಿನಕ್ಕೊಂದು ಸಲವಾದರೂ ಆಡುತ್ತೇವೆ.

ಇದನ್ನೆಲ್ಲ ನೋಡಿ ಗಣಿಯ ಹೆಂಗಸರು ಹೇಳುತ್ತಾರೆ: ಅಂದು ನೀ ಹೋಗಿದ್ದಿಲ್ಲಾಂದ್ರ ಇಂದು ಇದೆಲ್ಲಾ ಸಿಗ್ತಿತ್ತೇನು? ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಕೇಳಿದಾಗಲೆಲ್ಲ ಕೈಯಲ್ಲಿದ್ದದ್ದನ್ನು ಎಸೆಯಬೇಕೆನಿಸುತ್ತದೆ. ನನ್ನ ಸುಖಕ್ಕೆ ಆ ಮಗು ರಸ್ತೆಯಲ್ಲಿ ಸಾಯಬೇಕಿತ್ತೇ? ನಿನ್ನನ್ನೂ ಎಚ್ಚರಿಸುತ್ತೇನೆ, ಜಗದೇವಿ. ಈ ಕಾಗದ ಓದಿ, ಕೊನೆಗೆ ಎಲ್ಲ ಸರಿಹೋಯಿತಲ್ಲ ಎಂದು ನೀನು ಸಮಾಧಾನ ಮಾಡಿಕೊಳ್ಳಕೂಡದು.

ಬಾವಿ ಮುಚ್ಚಬೇಡ. ನೀನು ನನ್ನ ಮಾತು ಕೇಳಿದರೆ ಏನಾಗುತ್ತದೆ ಎಂದು ಯೋಚಿಸಿದ್ದೇನೆ. ಓಣಿ ತೆರವಾಗುವುದಿಲ್ಲ. ಹುಸೇನಪ್ಪ ಹನ್ನೊಂದು ಚಳಿಗಾಲ ಅಗೆಯುವುದಿಲ್ಲ. ನಾನು ತಿರುಗಿ ಬರುವುದಿಲ್ಲ, ಏಕೆಂದರೆ ಹೋಗಿರುವುದೇ ಇಲ್ಲ. ಅವನು ಯಾರನ್ನೋ ಮದುವೆಯಾಗುತ್ತಾನೆ, ನಾನು ಯಾರನ್ನೋ. ಗೋಡೆಯಾಚೆ ಅವನು ಕೆಮ್ಮಿದರೆ ನನಗೆ ಏನೂ ಅನಿಸುವುದಿಲ್ಲ. ಇದೆಲ್ಲ ಗೊತ್ತಿದ್ದೂ ಬರೆದಿದ್ದೇನೆ.

ಅವನು ಪೈಪನ್ನು ಬಿಸಾಡಿಲ್ಲ. ಬಾವಿಯ ಕಟ್ಟೆಗೆ ಒರಗಿಸಿ ನೀರಿನವರೆಗೂ ನಿಲ್ಲಿಸಿದ್ದಾನೆ. ಈ ಕಾಗದವನ್ನು ಸುತ್ತಿ ಅದರೊಳಗೆ ಬಿಡುತ್ತೇನೆ. ನಿನ್ನ ಕಾಲದಿಂದ ನಮ್ಮ ಕಾಲಕ್ಕೆ ಬಂದ ದಾರಿ ಅದೊಂದೇ. ಬಿಡುವ ಮೊದಲು ಅವನಿಗೆ ಓದಲು ಕೊಟ್ಟೆ. ಕಳೆದುಕೊಳ್ಳುವುದರಲ್ಲಿ ಅವನ ಪಾಲೂ ಇದೆಯಲ್ಲ. ಕಟ್ಟೆಯ ಮೇಲೆ ಕುಳಿತು ನಿಧಾನವಾಗಿ ಎರಡು ಸಲ ಓದಿದ. ಮಡಚಿ ನನ್ನ ಕೈಗೆ ಕೊಟ್ಟ.

"ಹಾಕು," ಎಂದ. "ತಾರೂ ದೊಡ್ಡಾಕಿ ಆಗ್ಲಿ."

ಹಾಕುತ್ತಿದ್ದೇನೆ. ನವೆಂಬರ್ ಹನ್ನೊಂದನೆಯ ತಾರೀಖಿಗೆ ಟ್ರ್ಯಾಕ್ಟರ್ ಬರುತ್ತದೆ. ವಾಪಸ್ ಕಳಿಸು.

ಸುಗಲಾ