ಕೆಳಗಿನ ಸಾಲಿನ ಆರು ಇಲಿಗಳು

ಬೀದರ
17 ಜನವರಿ 2025, ಶುಕ್ರವಾರ

ಪ್ರೀತಿಯ ವೈನಿ,

ಹಾಗಾಗಿ ನಾನು ಹೇಳುತ್ತಿದ್ದದ್ದು ಏನೆಂದರೆ, ಹನ್ನೊಂದನೆಯ ನಂಬರಿನ ಇಲಿ ಮಂಕಲ್ಲ, ನೀವು ಸುಮ್ಮನೆ ಅದಕ್ಕೆ ಹಾಗೆ ಹೆಸರಿಟ್ಟಿದ್ದೀರಿ. ಇಷ್ಟು ಟೈಪ್ ಮಾಡಿ ಕಳಿಸಿದ್ದೆ, ಒಂದೇ ಟಿಕ್ ಬಿತ್ತು. ಎರಡು ದಿನವಾದರೂ ಒಂದೇ ಟಿಕ್. ಆಮೇಲೆ ನಿಮ್ಮ ಯಜಮಾನ, ನಮ್ಮ ಅಮಿತಣ್ಣ ಹೇಳಿದ, ನಿಮ್ಮ ಬಿಪಿ ಏರಿತೆಂದು ನಿಮ್ಮ ಅವ್ವ ಗುಂಡಮ್ಮನವರು ಫೋನನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದಾರಂತೆ. "ಹೆರಿಗಿ ಆಗೋತನಾ ಫೋನೂ ಇಲ್ಲ, ಇಲಿನೂ ಇಲ್ಲ" ಅಂದರಂತೆ. ಸರಿ, ಕಾಗದಕ್ಕೆ ಯಾರೂ ಕೀಲಿ ಹಾಕುವುದಿಲ್ಲ. ಭಾನುವಾರ ಅಣ್ಣ ನಿಮ್ಮ ತೌರಿಗೆ, ಎಕಂಬಾಕ್ಕೆ ಬರುವಾಗ ಇದನ್ನು ತರುತ್ತಾನೆ. ದಾರಿಯಲ್ಲಿ ಓದಬೇಡ ಅಂದಿದ್ದೇನೆ, ಓದುತ್ತಾನೆ.

ಮೊದಲು ನಿಮ್ಮ ಆರೋಗ್ಯ ಕೇಳಬೇಕಿತ್ತು, ಇಲಿಯ ಆರೋಗ್ಯದಿಂದ ಶುರು ಮಾಡಿದೆ. ಕಾಲಿನ ಬಾವು ಇಳಿದಿದೆಯಾ? ಉಪ್ಪು ನಿಜವಾಗಿ ಬಿಟ್ಟಿದ್ದೀರಾ, ಇಲ್ಲ ಗುಂಡಮ್ಮನವರ ಕಣ್ಣು ತಪ್ಪಿಸಿ ಹಪ್ಪಳ ನಡೆದಿದೆಯಾ? ಕೂಸು ಒದೆಯುತ್ತಿದೆಯಾ? ಮೆಹಕರದ ನಮ್ಮ ಮನೆಯಲ್ಲಿ ಅಜ್ಜಿ ದಿನಾ ನಿಮ್ಮನ್ನೇ ಕೇಳುತ್ತಾರೆ. "ಬಸುರಾಗ ಇಲಿ ಕನಸಿಗಿ ಬಂದ್ರ ಹೆಣ್ಣೇ" ಎಂದು ಅವರೇ ಒಂದು ಶಾಸ್ತ್ರ ಕಟ್ಟಿದ್ದಾರೆ. ನಿಮಗೆ ಬೇರೆ ಯಾವ ಕನಸು ಬಿದ್ದೀತು ಎಂದು ಕೇಳಿದೆ, ನಕ್ಕರು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಈ ಕಾಗದದಲ್ಲಿ ಒಂದು ಕೆಟ್ಟ ಸುದ್ದಿ ಇದೆ, ಅದಕ್ಕೆ ದಾರಿಯೂ ಇದೆ. ಎರಡನ್ನೂ ಓದಿ, ಆಮೇಲೆ ಬಿಪಿ ಏರಿಸಿಕೊಳ್ಳಿ.

ಬಸುರಿಯೆಂದು ಗೊತ್ತಾದ ದಿನವೇ ನೀವು ಎದೆಯ ಬ್ಯಾಡ್ಜ್ ಬಿಚ್ಚಿ ನಿಮ್ಮ ಗೈಡ್ ಮಕ್ಸೂದ ಸರ್ ಮೇಜಿನ ಮೇಲೆ ಇಟ್ಟು ಇಲಿಗಳ ಆ ಕೋಣೆಯಿಂದ ಹೊರಗೆ ಬಂದಿರಿ. ವಿಕಿರಣ ಇರುವ ಜಾಗದಲ್ಲಿ ಬಸುರಿ ನಿಲ್ಲುವಂತಿಲ್ಲ. ಆಗ ನಿಮ್ಮ ಜಾಗಕ್ಕೆ ಆರು ತಿಂಗಳ ಸಹಾಯಕಿಯಾಗಿ ನಾನು ಬಂದೆ. ನನ್ನ ಹೆಸರಿನ ಬ್ಯಾಡ್ಜ್ ಬಂದಾಗ ಫೋಟೊ ತೆಗೆದು ಕ್ಲಾಸಿನ ಗ್ರೂಪಿನಲ್ಲಿ ಹಾಕಿದೆ. ಅಖೀಲ ಕೇಳಿದ, "ಯಾವ ಊರಿನ ಬಸ್ ಪಾಸ್ ಅದ ಇದು?" ಇದು ನಮ್ಮ ಮೈಗೆ ಎಷ್ಟು ವಿಕಿರಣ ತಾಗಿತೆಂದು ಲೆಕ್ಕ ಇಡುವ ಬ್ಯಾಡ್ಜ್ ಎಂದು ಇಪ್ಪತ್ತು ಮೆಸೇಜಿನಲ್ಲಿ ವಿವರಿಸಿದೆ. ಅವನು ಒಂದು ಹೆಬ್ಬೆರಳು ಕಳಿಸಿದ. ನಿಮ್ಮ ವಾಯ್ಸ್ ಮೆಸೇಜುಗಳನ್ನೆಲ್ಲ ಉಳಿಸಿ ಇಟ್ಟಿದ್ದೇನೆ, ನಲವತ್ಮೂರು ಇವೆ. ಜನ ಹಾಡು ಕೇಳುತ್ತ ಬಸ್ಸಿನಲ್ಲಿ ಹೋಗುತ್ತಾರೆ, ನಾನು ಸತುವಿನ ಬಗ್ಗೆ ನೀವು ಮಾತಾಡಿದ್ದನ್ನು ಕೇಳುತ್ತ ಹೋಗುತ್ತೇನೆ.

ಅಜ್ಜಿಗೆ ನೀವು ತಿಳಿಸಿ ಹೇಳಿದ್ದು ನೆನಪಿದೆಯಾ? ಕಾಳು-ತರಕಾರಿಯ ಭಜ್ಜಿ ರುಚಿಯಿಲ್ಲ, ನಾಲಿಗೆ ಸತ್ತಿದೆ ಎಂದು ಅವರು ಗೊಣಗುತ್ತಿದ್ದರು. ಮುಪ್ಪಿನಲ್ಲಿ ರುಚಿ ಕೆಡುವುದಕ್ಕೆ ಮೈಗೆ ಸತು ಸಾಲದಿರುವುದೂ ಒಂದು ಕಾರಣ ಇರಬಹುದು, ತಿಂದ ಸತುವಿನಲ್ಲಿ ಮುದಿ ಮೈ ಎಷ್ಟು ಹಿಡಿದಿಟ್ಟುಕೊಳ್ಳುತ್ತದೆ ನೋಡಬೇಕು ಎಂದಿರಿ. ಹ್ಯಾಂಗ ನೋಡ್ತಿ ಎಂದರು ಅಜ್ಜಿ. "ಸಂತ್ಯಾಗ ನೂರು ಆಡ ಅವ ಅನ್ರಿ. ಹತ್ತಕ್ಕ ಬೆನ್ನಿಗಿ ಬಣ್ಣ ಹಚ್ಚಿ ಬಿಡ್ರಿ. ಸಂಜಿಗಿ ಬಣ್ಣದವು ಎಷ್ಟು ಮನಿಗಿ ಬಂದವು ಎಣಸ್ರಿ, ಉಳಿದವುಗಳ ಹಣಿಬರಾನೂ ತಿಳೀತದ" ಎಂದಿರಿ. ವಿಕಿರಣ ಸೂಸುವ ಸತು ಅಂದರೆ ಬಣ್ಣ ಹಚ್ಚಿದ ಆಡು, ಅಷ್ಟೇ. ಮೈಯೊಳಗೆ ಎಲ್ಲಿ ಅಡಗಿದರೂ ಯಂತ್ರಕ್ಕೆ ಕಾಣುತ್ತದೆ, ಇಲಿಯನ್ನು ಕೊಯ್ಯದೆ ಜೀವಂತವಾಗಿಯೇ ಎಣಿಸಬಹುದು. ಅಜ್ಜಿ ಬಿಡಲಿಲ್ಲ. "ಬರಲಾರದವು ಯಾರ ಹೊಟ್ಟಿಗಿ ಹೋದ್ವು, ಅದೂ ಕೇಳವ್ವಾ ಅವಕ್ಕ" ಅಂದರು. ನಾನು ನಿಮ್ಮ ಫ್ಯಾನ್ ಆದದ್ದು ಆ ಮಧ್ಯಾಹ್ನ.

ಈಗ ಸುದ್ದಿ. ಎಳೆಯ ಇಲಿಗಳ ಲೆಕ್ಕವನ್ನೂ ಒಂದು ವರ್ಷದ ಇಲಿಗಳ ಲೆಕ್ಕವನ್ನೂ ನೀವೇ ಮುಗಿಸಿದ್ದಿರಿ. ನೂರು ಪಾಲು ಕೊಟ್ಟರೆ ಹದಿನಾಲ್ಕು ದಿನದ ಮೇಲೆ ಎಳೆಯವುಗಳ ಮೈಯಲ್ಲಿ ಮೂವತ್ತೆಂಟು, ನಡುವಯಸ್ಸಿನವುಗಳ ಮೈಯಲ್ಲಿ ಇಪ್ಪತ್ತೇಳು. ಉಳಿದದ್ದು ಮುದಿ ಇಲಿಗಳು. ಅವನ್ನು ಕೊಂಡು ತರಲಾಗುವುದಿಲ್ಲ, ಸಾಕಿ ಮುದಿ ಮಾಡಬೇಕು. ಮದುವೆಯಾದ ಮರುವರ್ಷ ತಂದ ಹದಿನಾರು ಮರಿಗಳಲ್ಲಿ ನಾಲ್ಕು ಸತ್ತು ಹನ್ನೆರಡು ಉಳಿದವು, ಎರಡು ವರ್ಷ ನೀವು ತೌರಿಗೆ ಹೋದರೂ ಎರಡೇ ದಿನಕ್ಕೆ ತಿರುಗಿ ಬಂದದ್ದು ಅವುಗಳಿಗಾಗಿ. ಈ ಹನ್ನೆರಡು ಕೆಟ್ಟರೆ ನಿಮ್ಮ ಪಿಎಚ್.ಡಿ. ಮತ್ತೆ ಎರಡು ವರ್ಷ ಹಿಂದಕ್ಕೆ. ಇದು ನನಗೆ ಗೊತ್ತಿತ್ತು ವೈನಿ, ಕೋಣೆಯ ಕಸಬರಿಗೆಗೂ ಗೊತ್ತಿತ್ತು.

ಡಿಸೆಂಬರ್ 31ರ ಬೆಳಿಗ್ಗೆ ಎಂಟಕ್ಕೆ ಡೋಸ್ ಕೊಟ್ಟೆವು. ನಿಮ್ಮ ನಿಯಮದಂತೆ ಹಿಂದಿನ ದಿನ ಸಂಜೆಯಿಂದಲೇ ಇಲಿಗಳಿಗೆ ಉಪವಾಸ, ನೀರು ಮಾತ್ರ. ನನ್ನ ಕೈ ಅಲುಗಲಿಲ್ಲ, ಒಂದು ಹನಿಯೂ ಚೆಲ್ಲಲಿಲ್ಲ, ಮಕ್ಸೂದ ಸರ್ ಅದಕ್ಕೆ "ಮಾಶಾಲ್ಲಾ" ಅಂದರು. ಸಂಕ್ರಾಂತಿಯ ದಿನ ರಜೆಯಿದ್ದರೂ ಹೋಗಿ ಎಣಿಸಿದೆವು. ಮೇಲಿನ ಸಾಲಿನ ಆರು ಇಲಿಗಳಲ್ಲಿ ಉಳಿದದ್ದು ಇಪ್ಪತ್ತರ ಆಸುಪಾಸು. ಕೆಳಗಿನ ಸಾಲಿನ ಆರರಲ್ಲಿ ಹತ್ತು, ಹನ್ನೊಂದು, ಹತ್ತು. ನಿಮ್ಮ ಹನ್ನೊಂದನೆಯದರಲ್ಲಿ ಬರೀ ಒಂಬತ್ತು. ಒಂದೇ ದಿನ ಹುಟ್ಟಿದವು, ಒಂದೇ ಡೋಸ್ ಕುಡಿದವು, ಮೇಲೆ ಕೆಳಗೆ ಇಟ್ಟ ಮಾತ್ರಕ್ಕೆ ಅರ್ಧಕ್ಕರ್ಧ ವ್ಯತ್ಯಾಸ ಬರುವುದಿಲ್ಲ. ಹನ್ನೆರಡನ್ನೂ ಕೂಡಿಸಿ ಸರಾಸರಿ ತೆಗೆದಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ, ಗೆರೆ ಚಂದಾಗಿ ಕೆಳಗೆ ಇಳಿಯುತ್ತಿತ್ತು. ಸರ್ ಹಾಗೆಯೇ ಮಾಡಲು ಹೊರಟಿದ್ದರು. ಎರಡು ಸಾಲನ್ನು ಬೇರೆ ಬೇರೆ ನೋಡಿ ಎಂದು ನಾನೇ ಹೇಳಿದೆ.

ಸರ್ ಮೊದಲು ಯಂತ್ರ ನೋಡಿದರು, ಸರಿಯಿತ್ತು. ಪಂಜರದ ಕಬ್ಬಿಣಕ್ಕೆ ಸತುವಿನ ಲೇಪ ಇದೆಯೇನೋ, ಇಲಿ ನೆಕ್ಕಿತೇನೋ ಎಂದರು, ನಮ್ಮವು ಸ್ಟೀಲು. ಆಮೇಲೆ ಕಸದ ಚೀಲ ತೆಗೆಸಿದರು. ಆ ಕೋಣೆಯ ಕಸವನ್ನು ಯಾರೂ ಎಸೆಯುವಂತಿಲ್ಲವಲ್ಲ, ವಿಕಿರಣ ಇಳಿಯುವವರೆಗೆ ಪಂಜರದ ನಂಬರ್ ಬರೆದು ಕಟ್ಟಿಡಬೇಕು. ಹನ್ನೊಂದನೆಯ ಚೀಲ ನಾನೇ ಕೈಗವಸು ಹಾಕಿಕೊಂಡು ಬಿಚ್ಚಿದೆ. ಕಟ್ಟಿಗೆ ಹೊಟ್ಟಿನೊಳಗೆ ಬೆರಳಿನಷ್ಟು ಸಜ್ಜೆ ರೊಟ್ಟಿಯ ಚೂರು, ಅದರ ಮೇಲೆ ಮೂರು ಎಳ್ಳು ಸಿಕ್ಕವು. ಹನ್ನೊಂದನೆಯದು ಮಂಕಲ್ಲ ಎಂದದ್ದು ಇದಕ್ಕೇ, ಸಿಕ್ಕಿದ್ದನ್ನು ಬಚ್ಚಿಟ್ಟು ಬೆಳಗಿನವರೆಗೆ ತಿಂದಿದೆ. ಸಜ್ಜೆಯಲ್ಲಿಯೂ ಎಳ್ಳಿನಲ್ಲಿಯೂ ಇರುವ ಒಂದು ಪದಾರ್ಥ ಸತುವನ್ನು ಹಿಡಿದುಕೊಂಡು ಮೈಗೆ ಸೇರಗೊಡದೆ ಹೊರಗೆ ಸಾಗಿಸುತ್ತದೆ ಎಂದು ನಿಮ್ಮ ವಾಯ್ಸ್ ಮೆಸೇಜಿನಲ್ಲಿಯೇ ಇದೆ, ಇಪ್ಪತ್ತೆರಡನೆಯದು.

ಉಪವಾಸದ ಆ ಸಂಜೆ ಯಾವುದು ಗೊತ್ತಲ್ಲ, ಡಿಸೆಂಬರ್ 30, ಎಳ್ಳ ಅಮಾವಾಸ್ಯೆ. ಅಂದು ಬೆಳಿಗ್ಗೆ ನಾನು ಮೆಹಕರದ ಹೊಲದಲ್ಲಿದ್ದೆ. ಅಪ್ಪ ಭೂತಾಯಿಗೆ ಎಡೆಯೆಂದು ಚರಗ ಚೆಲ್ಲುತ್ತ ಹೊಲ ಸುತ್ತಿದರು, ಅಜ್ಜಿ ಬದುವಿನ ಮೇಲೆ ಕೂತು ಎಲ್ಲರಿಗೂ ಭಜ್ಜಿ ಬಡಿಸಿದರು. "ಇವತ್ತ ಇರವಿ ಸುದ್ದಾ ಉಪಾಸ ಇರಬಾರದು" ಎನ್ನುತ್ತ ಹಾದಿಯಲ್ಲಿ ಹೋಗುವವರನ್ನೂ ಕರೆದು ಕೂಡಿಸಿದರು. ಪ್ರಾಣಿಗಳ ಕೋಣೆ ನೋಡಿಕೊಳ್ಳುವ ನಮ್ಮ ಹಾವಗೆಪ್ಪ ಕಾಕಾಗೆ ಮಾತ್ರ ಈ ಇಲಿಗಳ ದೆಸೆಯಿಂದ ರಜೆ ಸಿಗದೆ, ಡಾಬಕಾದ ತಮ್ಮ ಹೊಲಕ್ಕೆ ಹೋಗಲಾಗಿರಲಿಲ್ಲ. ಅದಕ್ಕೇ ಅಜ್ಜಿ ಅವರಿಗೆಂದು ಡಬ್ಬಿ ಕಟ್ಟಿಕೊಟ್ಟರು, ಭಾಲ್ಕಿಯಿಂದ ಬಸ್ ಹಿಡಿದು ಸಂಜೆ ತಂದುಕೊಟ್ಟೆ. ಸಜ್ಜೆ ರೊಟ್ಟಿ, ಮೇಲೆ ಎಳ್ಳು. ಆ ಡಬ್ಬಿ ಮಕ್ಸೂದ ಸರ್‌ಗೂ ನೆನಪಿತ್ತು. ಚೂರನ್ನು ನೋಡಿದ್ದೇ ಹಾವಗೆಪ್ಪ ಕಾಕಾನನ್ನು ಕರೆಸಿದರು. ಕಾಕಾ ಹೌದು ಎನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು "ನನ್ನ ಖೋಲಿದಾಗ ಸಿಕ್ಕದ ಅಂದ್ರ ನಂದೇ ಜಿಮ್ಮೇದಾರಿ ಅಲ್ರೀ ಸಾಹೇಬ್ರ" ಎಂದರು. ಸರ್ ಅದನ್ನೇ ಒಪ್ಪಿಗೆ ಎಂದು ಹಿಡಿದರು. ಸೋಮವಾರದಿಂದ ಅವರನ್ನು ಕೊಟ್ಟಿಗೆ ಕೆಲಸಕ್ಕೆ ಹಾಕುತ್ತಾರಂತೆ, ಕೆಳಗಿನ ಆರು ಇಲಿಗಳನ್ನು ಲೆಕ್ಕದಿಂದ ತೆಗೆಯುತ್ತಾರಂತೆ. ಆರೇ ಇಲಿಗಳ ಮೇಲೆ ಪ್ರಬಂಧ ನಿಲ್ಲುವುದಿಲ್ಲ ಎಂದೂ ಅವರೇ ಅಂದರು. ಆ ರೊಟ್ಟಿಯ ವಿಷಯ ಇನ್ನೂ ಸ್ವಲ್ಪ ಇದೆ, ಕೊನೆಗೆ ಬರೆಯುತ್ತೇನೆ.

ಈಗ ದಾರಿ. ನಿನ್ನೆ ನಿಮ್ಮ ನೋಟ್‌ಬುಕ್ ಮೊದಲಿನಿಂದ ಕೊನೆಯವರೆಗೆ ಓದಿದೆ. ಹೋದ ವರ್ಷದ ಮಾರ್ಚಿನ ಒಂದು ಪುಟದಲ್ಲಿ ನಡುವಯಸ್ಸಿನ ಒಂದು ಇಲಿಯ ಡೋಸು ಅರ್ಧ ಚೆಲ್ಲಿದ್ದು ಇದೆ. ನೀವು ಬರೆದ ಸಾಲನ್ನು ಒಂದೇ ಗೆರೆ ಎಳೆದು ಹೊಡೆದು, ಕೆಳಗಿನ ಅಕ್ಷರ ಓದುವಂತೆಯೇ ಬಿಟ್ಟು, ಪಕ್ಕದಲ್ಲಿ "ತಪ್ಪು ನನ್ನದು, ಕೈ ಜಾರಿತು" ಎಂದು ಬರೆದು ಸಹಿ ಮಾಡಿದ್ದೀರಿ. ಎರಡು ವಾರ ಬಿಟ್ಟು ಅದರ ಮೈಯಲ್ಲಿ ಉಳಿದದ್ದನ್ನು ಅಳೆದು, ಎರಡನೆಯ ಡೋಸ್ ಕೊಟ್ಟು, ಹೊಸ ಲೆಕ್ಕದಿಂದ ಹಳೆಯ ಉಳಿಕೆಯನ್ನು ಕಳೆದಿದ್ದೀರಿ. ಕೆಳಗಿನ ಆರಕ್ಕೂ ಹಾಗೆಯೇ ಮಾಡೋಣ. ಈ ಸಲ ನಿಜವಾದ ಉಪವಾಸ. ನನ್ನ ಮಾತು ಕೇಳಿ, ಅವು ಮೇಲಿನವುಗಳ ಹಾಗೆ ಇಪ್ಪತ್ತರ ಹತ್ತಿರ ಬಂದೇ ಬರುತ್ತವೆ. ಬಂದರೆ ನಿಮಗೆ ಹನ್ನೆರಡೂ ಸಿಕ್ಕವು, ಮೇಲೆ ಒಂದು ಕೊಸರು: ಸತು ಸೇರದಿರುವುದರಲ್ಲಿ ಮುಪ್ಪಿನ ಪಾಲು ಎಷ್ಟು, ಜೊತೆಗೆ ತಿಂದ ರೊಟ್ಟಿಯ ಪಾಲು ಎಷ್ಟು ಎಂದು ಅದೇ ಇಲಿಗಳಲ್ಲಿ ಕಾಣುತ್ತದೆ. ಅಜ್ಜಿ ಕೇಳಿದ್ದು ಅದನ್ನೇ ಅಲ್ಲವೇ? ಸರ್ ನನ್ನ ಲೆಕ್ಕ ಎರಡು ಸಲ ನೋಡಿದರು. "ಕೆಲಸ ಅವರದು, ಅವರು ಒಪ್ಪಿ ಸಹಿ ಮಾಡಿದರೆ ಮಂಗಳವಾರವೇ ಮಾಡೋಣ, ಸೋಮವಾರದವರೆಗೆ ಕಾಯುತ್ತೇನೆ" ಅಂದರು. ತಡ ಮಾಡುವಂತಿಲ್ಲ. ಎಂಟನೆಯದು ತೂಕ ಇಳಿಯುತ್ತಿದೆ, ಒಂಬತ್ತನೆಯದರ ಕಣ್ಣು ಮಬ್ಬಾಗಿದೆ. ಮುದಿಯಾದವು ನಮ್ಮ ರಿಜಿಸ್ಟರ್ ನೋಡಿ ಬದುಕುವುದಿಲ್ಲ.

ಸರ್ ಅನುಮತಿಯಿಂದ ನೋಟ್‌ಬುಕ್ಕನ್ನೇ ಅಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ, ಸಂಜೆ ಅವನ ಕೈಯಲ್ಲಿಯೇ ತಿರುಗಿ ಕಳಿಸಿ. ಅದು ಆ ಕೋಣೆಯೊಳಗೆ ಹೋದದ್ದಲ್ಲ, ಆದರೂ ಒಂದೊಂದು ಪುಟದ ಮೇಲೂ ಮೀಟರ್ ಆಡಿಸಿ ನೋಡಿದ್ದೇನೆ, ಏನೂ ಇಲ್ಲ. ಧೈರ್ಯವಾಗಿ ಮಡಿಲಲ್ಲಿ ಇಟ್ಟುಕೊಂಡು ಓದಿ. ಗುಂಡಮ್ಮನವರಿಗೆ ನನ್ನ ಶರಣು ತಿಳಿಸಿ, ಫೋನಿನ ಕೀಲಿ ಅವರ ಹತ್ತಿರವೇ ಇರಲಿ ಎಂದೂ ಹೇಳಿ. ಹೊಟ್ಟೆಯೊಳಗಿನ ಕೂಸಿಗೆ ಅದರ ಅತ್ತೆಯ ಮುತ್ತು. ಬಸವಣ್ಣ ನಿಮ್ಮಿಬ್ಬರನ್ನೂ ಚೆನ್ನಾಗಿ ಇಟ್ಟಿರಲಿ.

ನಿಮ್ಮ ನಾದಿನಿ,
ಈಶ್ವರಿ

ತಾ.ಕ.: ರೊಟ್ಟಿಯ ವಿಷಯ. ಭಾನುವಾರ ಬೆಳಿಗ್ಗೆ ಆಯಿತು, ಅಣ್ಣ ಗಾಡಿ ಒರೆಸುತ್ತಿದ್ದಾನೆ, ಬೇಗ ಬರೆಯುತ್ತೇನೆ. ಹಾಕಿದ್ದು ನಾನು. ಹಾವಗೆಪ್ಪ ಕಾಕಾ ಉಣ್ಣುವಾಗ ಮುದಿ ಇಲಿಗಳು ಸರಳಿಗೆ ಮೂಗು ತೂರಿಸಿ ನೋಡುತ್ತಿದ್ದವು, ಪಾಪ ಹಸಿದಿವೆ ಎಂದೆ. "ಬ್ಯಾಡವ್ವಾ, ಇವಕ್ಕ ಇವತ್ತ ಉಪಾಸ ಅದ, ನಿಮ್ಮ ವೈನಿ ಬರೆದು ಅಂಟಿಸ್ಯಾರ ನೋಡು" ಎಂದು ಗೋಡೆ ತೋರಿಸಿದರು ಅವರು. ಅವರು ಡಬ್ಬಿ ತೊಳೆಯಲು ನಳಕ್ಕೆ ಹೋದಾಗ ಉಳಿದ ಒಂದು ರೊಟ್ಟಿಯನ್ನು ಆರು ಚೂರು ಮಾಡಿದೆ. ನೆಲದ ಮೇಲೆ ಕೂತಿದ್ದೆ, ಕೈಗೆ ಸಿಕ್ಕದ್ದು ಕೆಳಗಿನ ಸಾಲು. ತಿರುಗಿ ಬಂದವರು ನನ್ನ ಮಡಿಲಿನ ಎಳ್ಳು ನೋಡಿದರು, ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ನಾನು ನೋಟ್‌ಬುಕ್ಕಿನಲ್ಲಿ "ಉಪವಾಸ ಸರಿಯಾಗಿದೆ" ಎಂದು ಬರೆದು ಸಹಿ ಮಾಡಿದೆ. ಈಗ ಆ ಸಾಲಿಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ನಿಜ ಬರೆದಿದ್ದೇನೆ, ಪುಟಕ್ಕೆ ಗುರುತಿಗೆ ದಾರ ಇಟ್ಟಿದ್ದೇನೆ. ಸೋಮವಾರ ಬೆಳಿಗ್ಗೆ ಹಾವಗೆಪ್ಪ ಕಾಕಾನ ಎದುರಿನಲ್ಲಿಯೇ ಅದನ್ನು ಮಕ್ಸೂದ ಸರ್‌ಗೆ ಓದಿ ಹೇಳುತ್ತೇನೆ, ಅದಕ್ಕೆ ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ. ಕೇಳುವುದು ಇಷ್ಟೇ. ಇದನ್ನು ಓದಿದ ಮೇಲೂ ಎರಡನೆಯ ಡೋಸಿಗೆ ನನ್ನನ್ನೇ ನಿಲ್ಲಿಸಿ ಸಹಿ ಹಾಕುವ ಧೈರ್ಯ ನಿಮಗಿದೆಯಾ, ವೈನಿ?