ಹೆಸರಿಟ್ಟವರ ಬೆನ್ನಿಗೆ ಗುದ್ದು

ನಾರಾಯಣಪೇಟೆ

ಶಿರಿಷಾ,

ಚಿರಂಜೀವಿ ಎಂದು ಶುರು ಮಾಡಬೇಕಿತ್ತು. ಕೋಪ ಇಳಿದ ಮೇಲೆ, ಕೊನೆಯಲ್ಲಿ ಬರೆಯುತ್ತೇನೆ. ಫೋನಿನಲ್ಲಿ ಬೈದರೆ “ಅತ್ತೀ, ಸಿಗ್ನಲ್ ಇಲ್ಲ” ಎಂದು ಜಾರಿಕೊಳ್ಳುತ್ತೀಯ. ಕಾಗದಕ್ಕೆ ಸಿಗ್ನಲ್ ಬೇಕಿಲ್ಲ. ಕೂತು ಓದು.

ಭಾನುವಾರ ಗದ್ವಾಲದಲ್ಲಿ ನಿಮ್ಮ ಸಂಶೋಧನೆಯ ಗೈಡ್ ಸಾಹೇಬರಿಗೆ ಸನ್ಮಾನ. ಹುಟ್ಟೂರಲ್ಲವೇ ಅವರದು. ‘ಹೊಸ ಸಸ್ಯಕುಲ ಕಂಡುಹಿಡಿದ ವಿಜ್ಞಾನಿ’ ಎಂದು ಬ್ಯಾನರು. ಹೊದಿಸಿದ ಶಾಲು ನನ್ನ ಅಂಗಡಿಯದೇ. ಯಾರಿಗೆ ಅಂತ ಮೊದಲೇ ಹೇಳಿದ್ದರೆ ಇಲಿ ಕಡಿದದ್ದನ್ನು ಹುಡುಕಿ ಕೊಡುತ್ತಿದ್ದೆ. ಮಕ್ತಲ್‌ನಲ್ಲಿ ಎಲ್ಲಮ್ಮ ನಾನು ಗದ್ವಾಲಕ್ಕೆ ಹೊರಟಿದ್ದ ಬಸ್ಸು ಹತ್ತಿದಳು. ಎಲ್ಲಮ್ಮ ಅಂದರೆ ನಿನ್ನ ಜೊತೆ ಸಂಶೋಧನೆ ಮಾಡುತ್ತಿದ್ದ ರಜಿತಾಳ ತಾಯಿ. ನೆನಪಿದೆಯಲ್ಲ? ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. “ಹುಲ್ಲಿಗಿ ಮಗಳ ಹೆಸರು ಕರೀತಾರಂತಲ್ಲಕ್ಕಾ, ಕೇಳಾಕ ಹೊಂಟೀನಿ” ಎಂದಳು.

ಸಾಹೇಬರು ಮೈಕಿನ ಮುಂದೆ ನಿಂತು, ಸಮುದ್ರದಾಚೆಯ ದ್ವೀಪದ ಬೆಟ್ಟದ ನೆತ್ತಿಯಲ್ಲಿ ಮಾತ್ರ ಬೆಳೆಯುವ ಈ ಜೇಕು ಹುಲ್ಲಿನ ಕುಲಕ್ಕೆ ತಮ್ಮ ಪೂಜ್ಯ ಮಾವನವರ ಹೆಸರಿಡುತ್ತಿದ್ದೇವೆ ಎಂದರು. ಆ ಮಾವ ರಸ್ತೆ ಕಂಟ್ರಾಕ್ಟರ್. ಹುಲ್ಲಿಗೂ ಅವರಿಗೂ ಇದ್ದ ಸಂಬಂಧವೆಂದರೆ ಅದರ ಮೇಲೆ ಡಾಂಬರು ಸುರಿಸಿದ್ದು. ಎಲ್ಲಮ್ಮ ನನ್ನ ಕಡೆ ತಿರುಗಿದಳು. “ರಜಿತಾ ಅನ್ನೋದು ಇಂಗ್ಲೀಷಿನಾಗ ಹಂಗ ಆಗ್ತೈತೇನಕ್ಕಾ?”

ಅವಳಿಗೆ ಉತ್ತರ ನೀನೇ ಹೇಳು.

ನೀವಿಬ್ಬರೂ ನನ್ನ ಅಂಗಡಿಯ ಗಾದಿಯ ಮೇಲೆ ಹಳೆಯ ಪೇಪರು ಬಿಚ್ಚಿ ಒಣಗಿದ ಜೇಕು ಹರವಿದ್ದು ನೆನಪಿದೆಯೇ? ಗಿರಾಕಿಗಳು ಸೀರೆ ಬಿಟ್ಟು ಹುಲ್ಲು ನೋಡಿದರು. ಇವೆಲ್ಲ ಒಂದೇ ಎಂದು ಹಿಂದಿನವರು ಒಂದೇ ಕುಲಕ್ಕೆ ಕಟ್ಟಿಹಾಕಿದ್ದಾರೆ, ಹೂವನ್ನು ಭೂತಗನ್ನಡಿಯಲ್ಲಿ ಬಿಡಿಸಿ ನೋಡಿದರೆ ಒಳಗಿನ ಕಟ್ಟೇ ಬೇರೆ ಎಂದು ನೀನು ವಿವರಿಸಿದ್ದೆ. ಮೊದಲು ಅನುಮಾನ ಬಂದದ್ದು ಮಾತ್ರ ರಜಿತಾಗೆ. “ಇದರದು ಬ್ಯಾರೆ ಮನೀ ಐತ್ರೀ ಅತ್ತೀ, ಸುಮ್ನ ಬಾಡಿಗಿಗಿ ಇಟ್ಟಾರ” ಎಂದು ನಕ್ಕಿದ್ದಳು. ನನಗೆ ತಕ್ಷಣ ತಿಳಿಯಿತು. ಮಡಿಸಿಟ್ಟಾಗ ಕೈಮಗ್ಗದ ಸೀರೆಯೂ ಪವರ್‌ಲೂಮಿನದೂ ಒಂದೇ. ಬಿಚ್ಚಿ, ಅಂಚು ತಿರುವಿದರೆ ಗೊತ್ತಾಗುತ್ತದೆ ಯಾವುದು ಯಾರ ಮನೆಯದು ಅಂತ. ಹಾಗಾದರೆ ನಿನ್ನ ಹೆಸರೇ ಇಡು ಎಂದು ನಿನಗೆ ಹೇಳಿದೆ. “ತನ್ನ ಹೆಸರು ತಾನೇ ಇಟ್ಕೊಂಡ್ರ ಮಂದಿ ನಗ್ತಾರತ್ತೀ” ಎಂದೆ ನೀನು. ಆ ನಾಚಿಕೆಗೇ ಇರಬೇಕು ನಿಮ್ಮ ಸಾಹೇಬರು ಮಾವನ ಹೆಸರು ಹುಡುಕಿದ್ದು.

ಮತ್ತೊಮ್ಮೆ ದ್ವೀಪದ ಆ ಬೆಟ್ಟ ಹತ್ತಿ ಬಂದ ರಜಿತಾ ಜ್ವರದಲ್ಲಿ ಮಲಗಿದವಳು ಏಳಲಿಲ್ಲ. ಅವಳನ್ನು ಮಣ್ಣಿಗಿಟ್ಟು ಬಂದ ದಿನ ಎಲ್ಲಮ್ಮನ ಕೈ ಹಿಡಿದು ನೀನೇ ಹೇಳಿದೆ: “ಅಮ್ಮಾ, ಆ ಕುಲಕ್ಕ ಅಕಿ ಹೆಸರೇ ಇಡ್ತೀನಿ.” ಯಾರು ಕೇಳಿದ್ದರು ನಿನ್ನನ್ನು? ಅತ್ತು ಬಂದಿದ್ದರೆ ಸಾಕಿತ್ತು. ಮಾತು ಕೊಟ್ಟು ಬಂದೆ.

ಇರಲಿ, ಗದ್ವಾಲದ ಸುದ್ದಿ ಮುಗಿಸುತ್ತೇನೆ. ನಮ್ಮ ಪದ್ಧತಿ ನಿನಗೆ ಗೊತ್ತು. ತೊಟ್ಟಿಲ ಶಾಸ್ತ್ರದಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದ ಕೂಡಲೇ ಸುತ್ತ ಕೂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ನಿನಗೆ ಶಿರಿಷಾ ಎಂದು ಹೆಸರಿಟ್ಟಾಗ ನಿನ್ನ ತಾಯಿಯ ಕಡೆಯವರು ನನಗೆ ಹಾಕಿದ ಗುದ್ದು ಇವತ್ತಿಗೂ ಚಳಿಗಾಲದಲ್ಲಿ ಎದ್ದು ಮಾತಾಡಿಸುತ್ತದೆ. ನಾನು ಒಂದು ಹಾರ ಹಿಡಿದು ವೇದಿಕೆ ಹತ್ತಿದೆ. ಸಾಹೇಬರು ಕತ್ತು ಬಗ್ಗಿಸಿದರು. ಹಾರ ಹಾಕಿ, ಬೆನ್ನಿಗೊಂದು ಗುದ್ದಿದೆ. ಮೈಕಿಗೂ ಕೇಳಿಸಿತು.

“ಏನಮ್ಮಾ ಇದು!” ಎಂದರು.

“ಪದ್ಧತಿ ಐತ್ರೀ ಸಾಹೇಬ್ರ. ಹೆಸರಿಟ್ಟೋರು ಗುದ್ದು ತಿನ್ನಬೇಕು. ಕೂಸು ಯಾರದಂತ ಅಷ್ಟು ಈ ಮಂದಿಗಿ ಹೇಳಿಬಿಡ್ರಿ” ಎಂದೆ.

ಹಿಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮುಂದಿನ ಸಾಲಿನವರೆಲ್ಲ ಮೊಬೈಲ್ ನೋಡತೊಡಗಿದರು. ಸಾಹೇಬರು ಹಾರ ಸರಿಮಾಡಿಕೊಂಡು ತಣ್ಣಗೆ ಹೇಳಿದರು: “ಈ ಹೆಸರಿಗೆ ಶಿರಿಷಾ ಒಪ್ಪಿದ್ದಾಳೆ.”

ಅಲ್ಲಿಗೆ ಅವರ ಮೇಲಿನ ಸಿಟ್ಟು ಮುಗಿಯಿತು. ನಿನ್ನ ಮೇಲಿನದು ಶುರುವಾಯಿತು.

ವಾಪಸು ಬರುವಾಗಲೂ ನಮ್ಮದು ಒಂದೇ ಬಸ್ಸು. ಮಕ್ತಲ್‌ನಲ್ಲಿ ಇಳಿಯುವಾಗ ಎಲ್ಲಮ್ಮ, “ಶಿರಿಷಾನ ಬೈಬ್ಯಾಡ್ರಕ್ಕಾ. ಅಕಿಗಿ ನೌಕರಿ ಬೇಕಲ್ಲ” ಎಂದಳು. ಅವಳು ನಿನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಿನಗೆ ಮಾಫಿ ಕೊಟ್ಟು ಇಳಿದುಹೋದಳಲ್ಲ, ಅದಕ್ಕೇ ಈ ಕಾಗದ.

ನಿನ್ನ ಭಯ ನನಗೆ ತಿಳಿಯದ್ದಲ್ಲ. ಸಾಹೇಬರ ಸಹಿ ಇಲ್ಲದೆ ನಿನ್ನ ನೌಕರಿ ನಡೆಯದು. ಮರಿಕಲ್, ಇಟಿಕ್ಯಾಲದ ಓಣಿಗಳಲ್ಲಿ ಸೀರೆ ಗಂಟು ಹೊತ್ತು ಮಾರಿದವಳು ನಾನು. ಬೇಕಾದವರ ಮುಂದೆ ಎಷ್ಟು ಬಗ್ಗಬೇಕೆಂದು ಬಲ್ಲೆ. ಆದರೆ ವ್ಯಾಪಾರದಲ್ಲಿ ಇನ್ನೊಂದು ಕಡೆಯೂ ನೋಡಬೇಕು. ಈ ಕುಲದ ಬಗ್ಗೆ ಲೇಖನ ಬರೆದವಳು ನೀನು. ನಿನ್ನ ಸಹಿ ಇಲ್ಲದೆ ಅವರಾದರೂ ಅಚ್ಚು ಹಾಕಿಸುತ್ತಾರೆಯೇ? ಅಚ್ಚಾಗುವ ತನಕ ಹೆಸರಿಗೆ ಬೆಲೆ ಇಲ್ಲ, ಅಚ್ಚಾದ ಮೇಲೆ ಮನಸ್ಸು ಬದಲಿಸುವ ಹಾಗಿಲ್ಲ ಎಂದು ನೀನೇ ನನಗೆ ಪಾಠ ಹೇಳಿದ್ದೆ. ಅಂದರೆ ಬ್ಯಾನರು ಕಟ್ಟಲಿ, ಶಾಲು ಹೊದೆಯಲಿ, ಕೂಸಿಗೆ ಇನ್ನೂ ಹೆಸರಿಲ್ಲ. ತೊಟ್ಟಿಲು ನಿನ್ನ ಕೈಯಲ್ಲೇ ಇದೆ.

ನಾನು ಒಪ್ಪಿಲ್ಲ ಎಂದು ಸಾಹೇಬರಿಗೆ ಬರೆ. ಲೇಖನ ಅಚ್ಚು ಹಾಕುವ ಪತ್ರಿಕೆಯವರಿಗೂ ಬರೆ. ಆಮೇಲೆ ಮಕ್ತಲ್‌ಗೆ ಬಾ, ಕುಲಕ್ಕಿಟ್ಟ ರಜಿತಾಳ ಹೆಸರನ್ನು ಎಲ್ಲಮ್ಮನ ಕಿವಿಯಲ್ಲಿ ಹೇಳು, ಬೆನ್ನು ಬಗ್ಗಿಸಿ ಕೂತುಕೋ. ಗುದ್ದಲು ನಾನು ಬರುತ್ತೇನೆ. ಕೈ ಇನ್ನೂ ಗಟ್ಟಿಯಿದೆ, ಬೇಕಾದರೆ ಸಾಹೇಬರನ್ನು ಕೇಳು.

ಕೋಪ ಇಳಿದಿಲ್ಲ. ಆದರೂ ನಾನು ಮಾತು ತಪ್ಪುವವಳಲ್ಲ, ಅದಕ್ಕೇ ಬರೆಯುತ್ತಿದ್ದೇನೆ: ಚಿರಂಜೀವಿ ಶಿರಿಷಾ, ಗುದ್ದು ತಿನ್ನುವಷ್ಟು ನಿನ್ನ ಬೆನ್ನು ಗಟ್ಟಿಯಾಗಲಿ.

ನಿನಗೆ ಹೆಸರಿಟ್ಟು ಗುದ್ದು ತಿಂದವಳು,
ಅನಂತಮ್ಮತ್ತಿ