ನನ್ನ ಹೆಸರಿನಲ್ಲಿದ್ದ ಸ್ಕೂಟರ್

ತಮ್ಮಾ ಮಲ್ಲು,

ನಿನಗೆ ಕನ್ನಡ ಕಲಿಸಿದವಳು ನಾನೇ. ಹಾಗಾಗಿ ಓದಲು ಬರುವುದಿಲ್ಲ ಎಂದು ಹೇಳಿ ಈ ಪತ್ರದಿಂದ ನೀನು ತಪ್ಪಿಸಿಕೊಳ್ಳುವ ಹಾಗಿಲ್ಲ. ಅಪ್ಪ ಅವ್ವ ವಿಮಾನ ನಗರದಲ್ಲಿ ಕಟ್ಟಡದ ಕೆಲಸಕ್ಕಿದ್ದಾಗ ನಮ್ಮ ತಗಡಿನ ಶೆಡ್ಡಿನ ಮುಂದೆ ಸಾಣಿಸಿದ ಉಸುಕಿನ ಗುಡ್ಡೆ ಇರುತ್ತಿತ್ತಲ್ಲ, ಅದರ ಮೇಲೆ ನಿನ್ನ ಬೆರಳು ಹಿಡಿದು ಬರೆಸುತ್ತಿದ್ದೆ. ನೀನು ಮರಾಠಿ ಶಾಲೆಗೆ ಹೋಗುತ್ತಿದ್ದೆ, ನಾನು ಊರಲ್ಲಿ ಏಳನೆಯ ತನಕ ಓದಿ ಬಂದಿದ್ದೆ. ಎರಡು ಅಕ್ಷರ ಬರೆಯುವುದು, ಗುಡ್ಡೆ ಹತ್ತಿ ಜಾರುವುದು, ಬೈಸಿಕೊಳ್ಳುವುದು, ಇದೇ ನಿನ್ನ ಓದು. ಬೈದರೆ ನಗುತ್ತಿದ್ದೆ. ಆ ನಗು ನೋಡಿ ನನ್ನ ಸಿಟ್ಟು ಇಳಿಯುತ್ತದೆ ಎಂದು ನಿನಗೆ ಆಗಲೇ ಗೊತ್ತಾಗಿಬಿಟ್ಟಿತ್ತು.

ನಾನು ಅದೇ ವಿಮಾನ ನಗರದ ಒಂದು ಆಫೀಸಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆದ ದಿನ ನಿನ್ನಷ್ಟು ಕುಣಿದವರು ಯಾರೂ ಇಲ್ಲ. ನಮ್ಮ ಮನೆತನದಲ್ಲಿ ಮೊದಲ ಸಲ ಒಬ್ಬರಿಗೆ ಪಗಾರದ ಚೀಟಿ ಬಂದಿತ್ತು. ನೀನು ಪಿಂಪ್ರಿಯ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸಕ್ಕಿದ್ದೆ, ಚೀಟಿ ಗೀಟಿ ಏನೂ ಇಲ್ಲ. ಒಂದು ದಿನ ನೀನು ನನ್ನ ಚೀಟಿ, ಪ್ಯಾನ್ ಕಾರ್ಡ್ ಎರಡನ್ನೂ ಝೆರಾಕ್ಸ್ ಮಾಡಿಸಿಕೊಂಡು ಹೋದೆ. ಯಾಕೆ ಎಂದು ನಾನು ಕೇಳಲೂ ಇಲ್ಲ. ಆಮೇಲೆ ಒಂದು ಮಧ್ಯಾಹ್ನ ಹುಡುಗಿಯರಿಗೆ ಫಿನೈಲ್ ಅಳೆದು ಕೊಡುತ್ತಿದ್ದಾಗ ನಿನ್ನ ಫೋನ್ ಬಂತು.

"ಅಕ್ಕಾ, ನಿನ್ನ ಫೋನಿಗೆ ಒಂದು ನಂಬರ್ ಬಂದಿರ್ತದ ನೋಡು. ಲಗೂನ ಹೇಳು."

"ಎದಕ್ಕೋ?"

"ಕಂಪನಿ ಫಾರ್ಮಿಗೆ ಬೇಕಾಗ್ಯದ. ಮನಿಯವರ ನಂಬರ್ ಕೇಳ್ಯಾರ."

ಆರೂ ಅಂಕಿ ಓದಿ ಹೇಳಿದೆ. ಈ ನಂಬರ್ ಬೇರೆಯವರಿಗೆ ಹೇಳಬೇಡಿ ಎಂದು ದಿನಾ ಎಲ್ಲ ಕಡೆ ಸಾರುತ್ತಾರೆ, ನನಗೂ ಗೊತ್ತಿತ್ತು. ಆದರೆ ನೀನು ಯಾವಾಗ ಬೇರೆಯವನಾಗಿದ್ದೆ?

ಹತ್ತು ದಿನಕ್ಕೆ ನೀಲಿ ಸ್ಕೂಟರ್ ಬಂತು. ಚೆಂಡು ಹೂವಿನ ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಮೊದಲು ನನ್ನನ್ನೇ ಹಿಂದೆ ಕೂರಿಸಿಕೊಂಡೆ. ಆ ಮಳೆಗಾಲದಲ್ಲಿ ಲೋಣಾವಳಾಕ್ಕೆ ಹೋದದ್ದು ನೆನಪಿದೆಯಾ? ನಿನ್ನ ರೇಣುಕಾ, ಮಗಳು, ನಮ್ಮ ಮನೆಯವರು ಅಂದರೆ ನಿನ್ನ ಮಾಮಾ, ಮೂವರೂ ಲೋಕಲ್ ಟ್ರೇನಿನಲ್ಲಿ ಬಂದರು, ನಾವಿಬ್ಬರು ಗಾಡಿಯ ಮೇಲೆ. ಲಾರಿ ಪಕ್ಕದಲ್ಲಿ ಹೋದಾಗಲೆಲ್ಲ ನಾನು ಕಣ್ಣು ಮುಚ್ಚಿ ನಿನ್ನ ಅಂಗಿ ಜಗ್ಗುತ್ತಿದ್ದೆ. "ಅಕ್ಕಾ, ಗುಂಡಿ ಹರಿದ್ರ ನೀನೇ ಹಚ್ಚಿಕೊಡಬೇಕು" ಎಂದು ನೀನು. ಸ್ಟೇಷನ್ ಮುಟ್ಟುವಷ್ಟರಲ್ಲಿ ತೊಯ್ದು ತೊಪ್ಪೆಯಾಗಿದ್ದೆವು. ನೀನು ಕೊಡಿಸಿದ ಚಿಕ್ಕಿಯ ಪೊಟ್ಟಣಕ್ಕೂ ನೀರು ಹೊಕ್ಕಿತ್ತು, ಹಾಗೇ ತಿಂದೆವು. ನಿಜ ಹೇಳಲಾ, ಮಲ್ಲು? ಮದುವೆಯಾದ ಮೇಲೆ ಅಷ್ಟು ನಕ್ಕ ದಿನ ನನಗೆ ಇನ್ನೊಂದು ನೆನಪಿಲ್ಲ.

ಅದಾಗಿ ವರ್ಷವಾದ ಮೇಲೆ ನನ್ನ ಫೋನಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಬರತೊಡಗಿದವು. ನಿನಗೇ ತೋರಿಸಿದೆ. "ಅಡ್ವರ್ಟೈಸ್ ಅಕ್ಕಾ, ಅಳಿಸಿ ಹಾಕು" ಎಂದೆ ನೀನು. ಅಳಿಸಿದೆ. ಸ್ಕೂಟರ್ ಎಲ್ಲಿ ಎಂದರೆ ದೋಸ್ತ ಒಯ್ದಿದ್ದಾನೆ ಎನ್ನುತ್ತಿದ್ದೆ ನೀನು. ಗುತ್ತಿಗೆ ಮುಗಿದು ನೀನು ಕೆಲಸವಿಲ್ಲದೆ ಕೂತಿದ್ದೂ, ಡಬ್ಬಿ ಕಟ್ಟಿಸಿಕೊಂಡು ದಿನಾ ಸ್ಟೇಷನ್ನಿನ ಬೆಂಚಿನ ಮೇಲೆ ಉಣ್ಣುತ್ತಿದ್ದುದೂ ಆಗ ನಮಗ್ಯಾರಿಗೂ ತಿಳಿಯಲಿಲ್ಲ. ಆಮೇಲೆ ಕಾಮಾಲೆ. ಮೂರೇ ವಾರ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು "ಅಕ್ಕಾ, ನಿನಗೊಂದು..." ಎಂದು ಶುರು ಮಾಡಿದೆಯಲ್ಲ, ಆರಾಮಾದ ಮೇಲೆ ಹೇಳು ಎಂದು ನಾನೇ ಬಾಯಿ ಮುಚ್ಚಿಸಿದೆ. ಅದೊಂದು ಮಾತು ಕೇಳಿಬಿಟ್ಟಿದ್ದರೆ...

ನೀನು ಹೋದ ಮರುವರ್ಷ ಚಿಂಚವಾಡದ ಆಚೆ ಒಂದು ಖೋಲಿ, ಒಂದು ಅಡುಗೆಮನೆಯ ಸ್ವಂತ ಮನೆಗೆ ಮುಂಗಡ ಕೊಟ್ಟು ನಾನೂ ಮಾಮಾನೂ ಬ್ಯಾಂಕಿಗೆ ಸಾಲ ಕೇಳಲು ಹೋದೆವು. ಮ್ಯಾಡಮ್ ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿದರು. ಸಾಲದ ಕಂತು ಹೊತ್ತಿಗೆ ಸರಿಯಾಗಿ ಕಟ್ಟುತ್ತೇವೋ ಇಲ್ಲವೋ ಎಂದು ಪ್ರತಿಯೊಬ್ಬರಿಗೂ ಅಂಕ ಕೊಟ್ಟಿರುತ್ತಾರಂತೆ, ಕ್ರೆಡಿಟ್ ಸ್ಕೋರ್ ಅಂತ. ಏಳನೆಯ ತನಕ ಒಮ್ಮೆಯೂ ನಪಾಸಾಗದ ನಿನ್ನ ಅಕ್ಕ ಅಲ್ಲಿ ನಪಾಸು. ನನ್ನ ಹೆಸರಿನಲ್ಲಿ ಸ್ಕೂಟರ್ ಸಾಲ, ತಪ್ಪಿದ ಕಂತುಗಳು. ಫೈನಾನ್ಸಿನವರು ಗಾಡಿ ಎತ್ತಿಕೊಂಡು ಹೋಗಿ ಮಾರಿದ್ದರು, ಆದರೂ ಬಾಕಿ ಹಾಗೇ ಬೆಳೆದಿತ್ತು. ಸಾಲ ಸಿಗಲಿಲ್ಲ, ಮನೆ ಕೈತಪ್ಪಿತು, ಮುಂಗಡದಲ್ಲಿ ಅರ್ಧ ಮಾತ್ರ ವಾಪಸ್ ಬಂತು. ಅವತ್ತು ನಿನ್ನ ಮೇಲೆ ಬಂದ ಸಿಟ್ಟು ನೀನು ಸತ್ತಾಗಿನ ದುಃಖಕ್ಕಿಂತ ದೊಡ್ಡದಿತ್ತು. ಕೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆನಾ? ಒಂದು ಸಲ, ಬಾಯಿ ಬಿಟ್ಟು ಕೇಳಿದ್ದರೆ?

ಮ್ಯಾಡಮ್ ಒಳ್ಳೆಯವರು. ನೀವು ತೆಗೆದುಕೊಂಡ ಸಾಲವಲ್ಲದಿದ್ದರೆ ತಮ್ಮ ಮೋಸ ಮಾಡಿದ್ದಾನೆಂದು ಪೊಲೀಸರಿಗೆ ಬರೆದುಕೊಡಿ, ಆ ಕಾಗದ ತೋರಿಸಿದರೆ ನಿಮ್ಮ ಹೆಸರು ಚೊಕ್ಕವಾಗಬಹುದು ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ನಿನ್ನನ್ನು ತಮ್ಮನಂತೆ ಹೊತ್ತು ತಿರುಗಿದ ನಿನ್ನ ಮಾಮಾನೇ ಮನೆಗೆ ಬಂದು ಅದೇ ಮಾತು ಹಿಡಿದರು.

"ಬರದು ಕೊಡು ಶರಣಿ. ಹೋದಾಂವಗ ಇನ್ನೇನ್ ಆಗ್ತದ?"

"ರೇಣುಕಾನ್ನ ಠಾಣೆಕ್ಕ ಕರಸ್ತಾರ್ರಿ."

"ಮತ್ತ ನಾವು ಜೀವನಪೂರ್ತಿ ಬಾಡಿಗಿ ಮನ್ಯಾಗೇ ಇರೂದೇನು?"

ಅವರದೂ ತಪ್ಪಲ್ಲ. ಹಾಳೆ ತಂದಿಟ್ಟುಕೊಂಡು ನಾಲ್ಕು ಸಾಲು ಬರೆದದ್ದೂ ನಿಜ, ನಿನ್ನಿಂದ ಏನು ಮುಚ್ಚಿಡಲಿ. ಆ ವಾರವೇ ನಿನ್ನ ವರ್ಷದ ತಿಥಿ ಬಂತು. ಎಡೆ ಇಟ್ಟು ಕೂತಾಗ ರೇಣುಕಾ ನಿನ್ನ ಮಗಳ ತಲೆ ಸವರುತ್ತ, "ಏನೇ ಅನ್ನರಿ ಅಕ್ಕಾರ, ಯಾರದೂ ಒಂದು ರೂಪಾಯಿ ಇಟ್ಕೊಂಡು ಹೋಗಲಿಲ್ಲ ನೋಡ್ರಿ ಇವರು" ಎಂದಳು. ಮಗಳು ತಲೆ ಎತ್ತಿ ನನ್ನನ್ನು ನೋಡಿದಳು. ಅವಳು ನೋಡುವುದು ಥೇಟ್ ನಿನ್ನ ಹಾಗೆ. ನಾನು "ಹೌದವ್ವ" ಎಂದೆ. ಮನೆಗೆ ಬಂದು ಆ ಹಾಳೆಯನ್ನು ಒಲೆಯ ಉರಿಗೆ ಹಿಡಿದೆ. ಮಾಮಾ ಎರಡು ದಿನ ಡಬ್ಬಿ ಒಯ್ಯದೆ ಹೊರಗೇ ಉಂಡು ಬಂದರು.

ಹತ್ತು ಹೆಂಗಸರು ತಿಂಗಳಿಗಿಷ್ಟು ಎಂದು ಹಾಕಿ ಸರದಿಯಂತೆ ಒಬ್ಬೊಬ್ಬರು ಎತ್ತುವ ಭಿಶಿ ನಮ್ಮ ಚಾಳಿನ ಸಾಲುಮನೆಗಳಲ್ಲಿ ಮೊದಲಿನಿಂದ ಇದೆಯಲ್ಲ, ಮೊದಲ ಸರದಿ ನನಗೇ ಬೇಕೆಂದು ಜಗಳ ಮಾಡಿ ಎತ್ತಿದೆ. ಫೈನಾನ್ಸಿನವರು ಇಷ್ಟು ಕಡಿಮೆ ಕೊಡಿ ಸಾಕು, ಮುಗಿಸೋಣ ಎಂದರು. ಹಾಗೆ ಕಡಿಮೆ ಕೊಟ್ಟರೆ ಅದೂ ಒಂದು ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ ಎಂದು ಮ್ಯಾಡಮ್ ಮೊದಲೇ ಎಚ್ಚರಿಸಿದ್ದರು. ಬಾಕಿ ಪೂರ್ತಿ ಕಟ್ಟಿ, ಏನೂ ಉಳಿದಿಲ್ಲ ಎಂಬ ಕಾಗದ ಕೇಳಿ ಪಡೆದೆ. ಅಲ್ಲಿಗೂ ಮುಗಿಯಲಿಲ್ಲ ನೋಡು. ಕಳೆದುಹೋದ ನಂಬಿಕೆ ವಾಪಸ್ ಬರಬೇಕಾದರೆ ಮತ್ತೆ ಸ್ವಲ್ಪ ಸಾಲ ಮಾಡಿ ತೀರಿಸಿ ತೋರಿಸಬೇಕಂತೆ. "ಸಾಲ ತೀರಿಸಿದವರಿಗೆ ಶಿಕ್ಷಾ ಅಂದ್ರ ಮತ್ತ ಸಾಲ" ಎಂದು ಮಾಮಾ ನಕ್ಕರು, ಎಷ್ಟೋ ತಿಂಗಳ ಮೇಲೆ. ಬ್ಯಾಂಕಿನಲ್ಲಿ ಸ್ವಲ್ಪ ಠೇವಣಿ ಇಟ್ಟು ಅದರ ಮೇಲೆ ಕ್ರೆಡಿಟ್ ಕಾರ್ಡ್ ಮಾಡಿಸಿದೆ. ಗ್ಯಾಸ್ ಸಿಲಿಂಡರಿಗೆ ಮಾತ್ರ ಅದನ್ನು ಉಜ್ಜುವುದು, ತಾರೀಖಿಗೆ ಮುಂಚೆಯೇ ಪೂರ್ತಿ ಕಟ್ಟುವುದು, ಬೇರೆಲ್ಲೂ ಸಾಲಕ್ಕೆ ಅರ್ಜಿ ಹಾಕದಿರುವುದು. ಎರಡು ವರ್ಷ ಇದೇ ವ್ರತ. ಜ್ವರ ಬಂದವರ ಮೈ ಮುಟ್ಟಿ ನೋಡುವ ಹಾಗೆ ತಿಂಗಳಿಗೊಮ್ಮೆ ಅಂಕ ನೋಡುತ್ತಿದ್ದೆ. ಹತ್ತು ಏರಿದರೆ ನಿನ್ನ ಮೇಲಿನ ಸಿಟ್ಟೂ ಸ್ವಲ್ಪ ಇಳಿಯುತ್ತಿತ್ತು. ಇಳಿದ ಜಾಗದಲ್ಲಿ ನಿನ್ನ ನೆನಪು ಬಂದು ಕೂರುತ್ತಿತ್ತು. ಈಗಲೂ ನೀಲಿ ಸ್ಕೂಟರ್ ಕಂಡರೆ ಮೊದಲು ಓಡಿಸುವವನ ಮುಖ ನೋಡುತ್ತೇನೆ, ಹುಚ್ಚಿ.

ಹೋದ ವಾರ ಮತ್ತೆ ಅದೇ ಬ್ಯಾಂಕಿಗೆ ಹೋದೆವು. ಈ ಸಲ ಅಂಕ ಸಾಕಷ್ಟಿತ್ತು. ಆದರೆ ಹಳೆಯ ಕಂತು ತಪ್ಪಿದ ಗುರುತು ಇನ್ನೂ ಕೆಲವು ವರ್ಷ ಅಲ್ಲೇ ಇರುತ್ತದಂತೆ, ಅದಕ್ಕೆ ಕಾರಣ ಬೇಕು, ನಿಮ್ಮ ಕೈಯಾರೆ ಬರೆದುಕೊಡಿ ಎಂದು ಮ್ಯಾಡಮ್ ಒಂದು ಹಾಳೆ ಮುಂದಿಟ್ಟರು. ಅವರಿಗೆ ಎಲ್ಲ ಗೊತ್ತಿದೆ, ಆದರೂ ಏನೂ ಗೊತ್ತಿಲ್ಲದವರಂತೆ ಕಿಟಕಿಯ ಕಡೆ ನೋಡುತ್ತ ಕೂತರು. ನಾನು ಮಾಮಾನ ಮುಖ ನೋಡಿದೆ. ಅವರು ಕಿಸೆಯಿಂದ ಪೆನ್ನು ತೆಗೆದು ಕೊಟ್ಟರು. ನನ್ನ ಮುರುಕು ಮರಾಠಿಯಲ್ಲಿ ಬರೆದೆ: ಸ್ಕೂಟರ್ ನನ್ನದೇ. ತಮ್ಮನಿಗೆ ಕೆಲಸಕ್ಕೆ ಹೋಗಿಬರಲು ಬೇಕಿತ್ತು, ನಾನೇ ಸಾಲ ಮಾಡಿ ಕೊಡಿಸಿದೆ. ಅವನ ಕೆಲಸ ಹೋಯಿತು, ಕಾಯಿಲೆ ಬಿದ್ದ, ಕಂತು ತಪ್ಪಿತು. ಕೆಳಗೆ ಸಹಿ ಹಾಕಿದೆ.

ಸಾಲ ಮಂಜೂರಾಗಿದೆ, ಮಲ್ಲು. ಮುಂದಿನ ತಿಂಗಳು ಚಾವಿ ಕೊಡುತ್ತಾರೆ. ರೇಣುಕಾ ಮತ್ತು ಮಗಳು ಹಾಲು ಉಕ್ಕಿಸಲು ಬರುತ್ತಾರೆ. ಗಾಡಿ ನಾನು ಕೊಡಿಸಿದ್ದು ಎಂದು ಅವರಿಗೂ ಹೇಳಿದ್ದೇನೆ, ನಂಬಿದ್ದಾರೆ. ಅಪ್ಪ ಅವ್ವ ಅಲ್ಲಿ ಸಿಕ್ಕು ಕೇಳಿದರೆ ನೀನೂ ಹಾಗೇ ಹೇಳು.

ನಿನ್ನ ಅಕ್ಕ,
ಶರಣಮ್ಮ